ಪಾರ್ಕು ಮೇಡಂ ಪಟ್ಟ ಪಾಡು

ಪಾರ್ಕಿನ ವಿಷಯಕ್ಕೆ ತಲೆ ಹಾಕಿದವರಿಗೆ ವಾರಕ್ಕೊಂದಾದರೂ ಪೇಚಿನ ಪ್ರಸಂಗ ಆಗುತ್ತಲೇ ಇರುತ್ತದೆ. ಮೊದಮೊದಲು ನಾನು ಮನೆಗೆ ಬಂದು ಕೂಗಾಡುತ್ತಿದ್ದೆ. ಈಗ ನಾನು ಚಪ್ಪಲಿ ಬಿಡುವ ರೀತಿ ನೋಡಿಯೇ ನಮ್ಮ ಯಜಮಾನರು, "ಇವತ್ತು ಯಾವ ಊರಿಂದು?" ಅಂತ ಕೇಳುತ್ತಾರೆ.

ಇಷ್ಟಕ್ಕೆಲ್ಲ ಮೂಲ ಮಂಡ್ಯದ ಗುತ್ತಲು ಬಡಾವಣೆಯಲ್ಲಿ ನಮ್ಮ ಬೀದಿಯ ತುದಿಗಿರುವ ಪಾರ್ಕು. ದೊಡ್ಡದೇನಲ್ಲ. ಎರಡು ಹೊಂಗೆ ಮರ, ಆರು ಸಿಮೆಂಟು ಬೆಂಚು, ಸುತ್ತ ನಡೆದಾಡಲು ಒಂದು ದಾರಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತಳಾದ ಮೇಲೆ ಸಂಜೆ ನಾನು ಹೋಗಿ ಕೂರುವ ಜಾಗ ಅದು. ಗಂಡಸರಿಗೆ ಕೂರಲು ಹೋಟೆಲಿದೆ, ಅಂಗಡಿ ಜಗಲಿ ಇದೆ, ಅರಳಿಕಟ್ಟೆ ಇದೆ. ಹೆಂಗಸು ಕೆಲಸವಿಲ್ಲದೆ ಹೊರಗೆ ಕೂತರೆ ಮಾತ್ರ, "ಯಾಕಮ್ಮ, ಮನೇಲಿ ಏನಾರ ಆಯ್ತಾ?" ಅಂತ ಕೇಳುತ್ತಾರೆ. ಹಾಗೆ ಯಾರೂ ಕೇಳದ ಜಾಗ ನನ್ನ ಜೀವನದಲ್ಲಿ ಸಿಕ್ಕಿದ್ದು ಅದೊಂದೇ. ಅಂಥ ಪಾರ್ಕನ್ನು "ಜನ ಬಳಸುತ್ತಿಲ್ಲ" ಎಂದು ಯಾರೋ ಅರ್ಜಿ ಬರೆದು, ಅಲ್ಲಿ ಅಂಗಡಿ ಮಳಿಗೆ ಕಟ್ಟುವ ಮಾತೆತ್ತಿದರು.

ಪಾರ್ಕು ಉಳಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವ ಸಂಸ್ಥೆಯೊಂದು ಇದೆ ಎಂದು ತಿಳಿದು ಹೋಗಿ ಕೇಳಿದೆ. ಅವರು ನನ್ನ ಕೈಗೆ ಒಂದು ಕೈಪಿಡಿ, ಒಂದು ಬಟ್ಟೆ ಚೀಲ ಕೊಟ್ಟು, "ನೀವು ಟೀಚರ್ ಆಗಿದ್ದೋರು, ಚೆನ್ನಾಗಿ ಮಾತಾಡ್ತೀರಿ" ಎಂದು ನನ್ನನ್ನೇ ಸಂಪನ್ಮೂಲ ವ್ಯಕ್ತಿ ಮಾಡಿ ಬೇರೆ ಊರಿನವರಿಗೆ ಹೇಳಿಕೊಡಲು ಕಳಿಸಿಬಿಟ್ಟರು. ಊಟಕ್ಕೆ ಹೋದವಳ ಕೈಗೆ ಬಡಿಸುವ ಸೌಟು ಕೊಟ್ಟ ಹಾಗೆ. ಅಲ್ಲಿಂದ ಶುರುವಾಯಿತು.

೧. ಮದ್ದೂರಿನ ಕಾಗದದ ಪಾರ್ಕು

ಮೊದಲ ತರಬೇತಿ ಮದ್ದೂರಿನಲ್ಲಿ. ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದವರು, ಊರಿನ ಮುಖಂಡರು ಎಲ್ಲ ಸೇರಿ ಮೂವತ್ತು ಜನ. ಕೈಪಿಡಿಯಲ್ಲಿ ಹೇಳಿದಂತೆ ನಾನು ನಾಲ್ಕು ಗುಂಪು ಮಾಡಿ, ನೆಲದ ಮೇಲೆ ಒಂದು ದೊಡ್ಡ ಹಾಳೆ ಹಾಸಿ, "ಇದು ನಿಮ್ಮ ಪಾರ್ಕು ಅಂದ್ಕೊಳ್ಳಿ. ಇದರಲ್ಲಿ ಏನೇನು ಬೇಕೋ ಬರೀರಿ" ಅಂದೆ. ಮಕ್ಕಳಿಗೆ ಜಾರುಬಂಡೆ, ವಯಸ್ಸಾದವರಿಗೆ ನೆರಳು, ಹೆಂಗಸರಿಗೆ ಶೌಚಾಲಯ, ಇಂಥದ್ದೆಲ್ಲ ಬರುತ್ತದೆ ಅಂತ ನನ್ನ ಎಣಿಕೆ.

ಹತ್ತು ನಿಮಿಷದಲ್ಲಿ ಮೂರು ಗುಂಪಿನವರು ಹಾಳೆಯ ನಟ್ಟನಡುವೆ ಅವರವರ ನಾಯಕರ ಪ್ರತಿಮೆ ಬರೆದಿದ್ದರು. ಒಂದರ ಮೇಲೊಂದು. ನಾಲ್ಕನೆಯದು ಸ್ತ್ರೀಶಕ್ತಿ ಸಂಘದವರ ಗುಂಪು. ಅವರು ಮೂಲೆಯಲ್ಲಿ ಸಣ್ಣದಾಗಿ ಒಂದು ನಲ್ಲಿ ಬರೆದು ಸುಮ್ಮನೆ ಕೂತಿದ್ದರು.

"ನಮ್ಮೋರು ಮೊದ್ಲು ಬರ್ದಿದ್ದು ಕಣ್ಲಾ, ನಿಮ್ದು ಅತ್ಲಾಗ್ ಮಡಿಕ್ಕೊ."

"ಅತ್ಲಾಗ್ ಯಾಕ್ ಮಡಗ್ಬೇಕು? ನಮ್ಮ ನಾಯಕರೇನು ಮೂಲೇಲಿ ನಿಲ್ಲೋರಾ?"

ಮೂರು ಗುಂಪೂ ಎದ್ದು ನಿಂತವು. ಒಬ್ಬರು ಪಂಚೆ ಎತ್ತಿ ಕಟ್ಟಿದರು. ಇನ್ನೂ ಜಾಗವನ್ನೇ ಗುರುತು ಮಾಡಿರದ ಪಾರ್ಕು. ಮೊಳಕೆ ಬರದ ಗಿಡದ ನೆರಳಿಗೆ ಜಗಳ. ನಾನು ಸ್ಕೂಲಿನ ಧ್ವನಿ ತೆಗೆದು, "ಎಲ್ಲರೂ ಕೂತ್ಕೊಳ್ಳಿ" ಅಂತ ಒಂದು ಸಲ ಗದರಿದ ಮೇಲೆ ಕೂತರು. ಕೊನೆಗೆ ಹಿರಿಯ ಮುಖಂಡರೊಬ್ಬರು ರಾಜಿ ಮಾಡಿಸಿದರು.

"ಸದ್ಯಕ್ಕೆ ಪೀಠ ಮಾತ್ರ ಕಟ್ಟಾವ. ಮೇಲೆ ಯಾರು ಅನ್ನೋದ್ನ ಎಲೆಕ್ಸನ್ ಮುಗುದ್ಮೇಲೆ ನೋಡ್ಕಂಡ್ರಾಯ್ತು."

ಮೂವತ್ತು ಜನವೂ ಚಪ್ಪಾಳೆ ತಟ್ಟಿದರು. ನಲ್ಲಿಯ ಮಾತು ಅಲ್ಲಿಗೇ ಬಿಟ್ಟುಹೋಯಿತು.

೨. ಮಳವಳ್ಳಿಯ ಹುಲ್ಲು

ಮಳವಳ್ಳಿಯಲ್ಲಿ ಒಂದು ಪಾರ್ಕಿಗೆ ಹುಲ್ಲುಹಾಸು ಬೆಳೆಸಿಕೊಟ್ಟೆವು. ನೆಲ ಅಗೆದು, ಮಣ್ಣು ಸೋಸಿ, ದೂರದಿಂದ ಹುಲ್ಲಿನ ಹೊರೆ ತರಿಸಿ, ಸಾಲು ಸಾಲಾಗಿ ನೆಟ್ಟು, ಎರಡು ತಿಂಗಳು ನೀರು ಹಾಯಿಸಿ ಕಣ್ಣಿಗೆ ತಂಪಾಗುವ ಹಾಗೆ ಬಂದಿತ್ತು. ಫೋಟೊ ತೆಗೆಯೋಣ ಅಂತ ಒಂದು ಬೆಳಿಗ್ಗೆ ಹೋದರೆ ಅರ್ಧ ಪಾರ್ಕು ಬೋಳು. ಉಳಿದರ್ಧದಲ್ಲಿ ಒಬ್ಬ ಅಜ್ಜಿ ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನಲ್ಲಿ ಸರಸರ ಕುಯ್ಯುತ್ತಿದ್ದಾರೆ. ಪಕ್ಕದಲ್ಲಿ ಕಟ್ಟಿಟ್ಟ ಹೊರೆ ಆಗಲೇ ಎರಡು.

"ಅಜ್ಜಿ, ಏನ್ ಮಾಡ್ತಿದ್ದೀರಿ?"

"ಕಾಣಕಿಲ್ವಾ? ಉಲ್ಲು ಕುಯ್ತಾ ಇವ್ನಿ."

"ಇದು ಕುಯ್ಯೋ ಹುಲ್ಲಲ್ಲ ಅಜ್ಜಿ. ನೋಡೋದಕ್ಕೆ ಬೆಳೆಸಿರೋದು."

ಅಜ್ಜಿ ಕುಡುಗೋಲು ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು. ಬುದ್ಧಿ ಸರಿಯಿಲ್ಲದವರನ್ನು ಕನಿಕರದಿಂದ ನೋಡುತ್ತಾರಲ್ಲ, ಆ ನೋಟ.

"ನೋಡಾಕೆ ಉಲ್ಲು ಬೆಳೀತಾರಾ? ಯಾರ ಮನೆ ಮಗ್ಳವ್ವ ನೀನು?"

ನಾನು ನೆರಳು, ತಂಪು, ಮಕ್ಕಳ ಆಟ ಎಂದೆಲ್ಲ ಕಾಲು ಗಂಟೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಮೂರನೇ ಹೊರೆಯನ್ನೂ ಕಟ್ಟಿ, ನನ್ನ ಕೈಯಲ್ಲೇ ಒಂದನ್ನು ತಲೆಗೆ ಎತ್ತಿಸಿಕೊಂಡರು. ಹೌದು, ಎತ್ತಿಕೊಟ್ಟೆ. ಎಂಬತ್ತರ ಮುದುಕಿ ಕೇಳಿದರೆ ಇಲ್ಲ ಅನ್ನಲಾಗುತ್ತದೆಯೇ? ಗೇಟಿನ ಹತ್ತಿರ ಹೋಗಿ ತಿರುಗಿ ನಿಂತರು.

"ನೀನೇ ಅಲ್ವಾ ಇದ್ನ ನೆಡ್ಸಿದ್ದು? ಈ ಉಲ್ಲಲ್ಲಿ ಕಸುವಿಲ್ಲ ಕಣವ್ವ. ಎಮ್ಮೆ ಆಲು ಕಮ್ಮಿ ಮಾಡ್ಬುಟ್ಟದೆ. ಮುಂದ್ಲ ಸಲಕ್ಕೆ ಸೀಮೆಹುಲ್ಲು ಆಕ್ಸು."

೩. ಸೋಮನಹಳ್ಳಿಯ ಚಕ್ರ

ಸೋಮನಹಳ್ಳಿಯಲ್ಲಿ ಸಣ್ಣ ಜಾಗವೊಂದರಲ್ಲಿ ಬಯಲು ಜಿಮ್ ಹಾಕಿದ್ದರು. ಕಾಲು ಆಡಿಸುವುದೊಂದು, ಸೊಂಟ ತಿರುಗಿಸುವುದೊಂದು, ಕೈಯಲ್ಲಿ ತಿರುಗಿಸುವ ದೊಡ್ಡ ಚಕ್ರವೊಂದು. ಬಳಸುವ ಬಗೆ ತೋರಿಸಿಕೊಡಲು ನನ್ನನ್ನು ಕರೆದಿದ್ದರು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ಚಕ್ರ ತಿರುಗಿಸುತ್ತಿದ್ದೆ. ಗದ್ದೆಯಿಂದ ಬರುತ್ತಿದ್ದ ಒಬ್ಬ ರೈತರು ಮಚ್ಚು ಹೆಗಲಿಗೆ ಹಾಕಿಕೊಂಡೇ ನಿಂತು ನೋಡಿದರು.

"ಮೇಡಮ್ಮೋರೆ, ತಿರುಗಿಸಿದ್ರೆ ನೀರು ಬತ್ತದಾ?"

"ಇಲ್ಲ."

"ಕರೆಂಟು?"

"ಇಲ್ಲ."

"ಮತ್ತೆ ಏನ್ ಬತ್ತದೆ?"

"ಏನೂ ಬರಲ್ಲ. ಭುಜಕ್ಕೆ ವ್ಯಾಯಾಮ."

ಅವರು ರಸ್ತೆಯಾಚೆ ನಿಂತಿದ್ದ ಗೆಳೆಯನನ್ನು ಕೂಗಿದರು. "ಲೇ, ಬಾರ್ಲಾ ಇಲ್ಲಿ. ಏನೂ ಬರ್ದೆ ಇರೋ ಚಕ್ರ ಮಡಗವ್ರೆ, ಮೇಡಮ್ಮೋರು ಸುಮ್ ಸುಮ್ಕೆ ತಿರುಗಿಸ್ತಾವ್ರೆ."

ಗೆಳೆಯ ಬಂದ. ಅವನ ಹಿಂದೆ ಇನ್ನೂ ಎಂಟು ಜನ ನಗುತ್ತಾ ಬಂದರು. ನನಗೆ ಸಿಟ್ಟು ನೆತ್ತಿಗೇರಿತು. "ನಗಬೇಡಿ. ದಿನಾ ಅರ್ಧ ಗಂಟೆ ಮೈ ಬಗ್ಗಿಸಿದರೆ ನಿಮ್ಮ ಆರೋಗ್ಯಕ್ಕೇ ಒಳ್ಳೇದು" ಅಂದೆ. ರೈತರು ನಗಲಿಲ್ಲ. ಬಹಳ ಮರ್ಯಾದೆಯಿಂದಲೇ ಹೇಳಿದರು.

"ನಾನು ಬೆಳಗಿಂದ ಬೈಗಂಟ ಕಬ್ಬು ಕಡ್ದು ಬತ್ತಾ ಇವ್ನಿ ತಾಯಿ. ಮೈ ಬಗ್ಸಲೇಬೇಕು ಅನ್ನೋದಾದ್ರೆ ನಾಳೆ ನಮ್ಮ ಗದ್ದೆಗೆ ಬನ್ನಿ. ಮಿಸನ್ನೂ ಬ್ಯಾಡ. ಮಧ್ಯಾನ ಮುದ್ದೆ, ಉಪ್ಸಾರು ಇಕ್ತೀನಿ."

೪. ಎರಡೂ ಕಡೆಯ ಸಹಿ

ಊರೂರು ತಿರುಗುತ್ತಿರುವಾಗಲೇ ನಮ್ಮ ಬೀದಿಯ ವಿಷಯ ಕುತ್ತಿಗೆಗೆ ಬಂತು. ಅಧಿಕಾರಿಯೊಬ್ಬರು ಬಂದು ಪಾರ್ಕನ್ನು ಕಣ್ಣಾರೆ ನೋಡಿ, ಜನ ಬಳಸುತ್ತಾರೋ ಇಲ್ಲವೋ ಅಂತ ವರದಿ ಕೊಡುತ್ತಾರಂತೆ. ಅಷ್ಟರೊಳಗೆ ಬೀದಿಯವರ ಸಹಿ ಸಂಗ್ರಹಿಸಬೇಕು ಅಂತ ಕೈಪಿಡಿಯ ಆರನೇ ಪಾಠ. ಮನೆ ಮನೆ ಹತ್ತಿದೆ. ದಿನಾ ಪಾರ್ಕಿಗೆ ಬರುವವರೇ, "ಬರೋದು ಬತ್ತೀವಿ ಕಣಮ್ಮ, ಸಯಿ ಒಂದು ಬ್ಯಾಡ" ಅನ್ನುವವರು. ಬೆರಳೆಣಿಕೆಯಷ್ಟು ಜನ ಕೊಟ್ಟರು.

ಮೂಲೆ ಮನೆಯ ಯಜಮಾನರು ಮಾತ್ರ ನನ್ನನ್ನು ಒಳಗೆ ಕರೆದು, ಕೂರಿಸಿ, ಕಾಫಿ ತರಿಸಿ, ಮೂರು ಜನ ಗಂಡುಮಕ್ಕಳನ್ನೂ ಕರೆದು ಸಾಲಾಗಿ ಸಹಿ ಹಾಕಿಸಿದರು. ನನ್ನ ಕಣ್ಣು ತುಂಬಿ ಬಂತು. ಲೋಕದಲ್ಲಿ ಒಳ್ಳೆಯವರಿದ್ದಾರೆ ಅಂತ ಮನೆಯಲ್ಲಿ ಹೇಳಿಯೂ ಹೇಳಿದೆ.

ನಾಲ್ಕು ದಿನ ಬಿಟ್ಟು, ಮಳಿಗೆ ಬೇಕು ಅನ್ನುವವರ ಅರ್ಜಿಯನ್ನು ಕಚೇರಿಯಲ್ಲಿ ನೋಡಿದೆ. ಮೊದಲ ನಾಲ್ಕು ಸಹಿ ಅದೇ ಮನೆಯವರದು. ನೇರ ಹೋಗಿ ಕೇಳಿದೆ. "ಅಲ್ಲ ಯಜಮಾನ್ರೆ, ಪಾರ್ಕು ಇರಲಿ ಅಂತಲೂ ನೀವೇ, ತೆಗೀರಿ ಅಂತಲೂ ನೀವೇನಾ?"

ಅವರಿಗೆ ಇದರಲ್ಲಿ ತಪ್ಪೇನಿದೆ ಅಂತಲೇ ತಿಳಿಯಲಿಲ್ಲ.

"ಅವ್ರೂ ಮನೆಗಂಟ ಬಂದಿದ್ರು ಕಣಮ್ಮ, ನೀವೂ ಬಂದಿದ್ರಿ. ಬಾಗ್ಲಿಗೆ ಬಂದೋರ್ನ ಬರಿಗೈಲಿ ಕಳ್ಸಿ ನಮ್ಮ ಮನೆತನಕ್ಕೆ ಅಭ್ಯಾಸ ಇಲ್ಲ."

೫. ಬುಧವಾರ ನಾಲ್ಕು ಗಂಟೆ

ಸಹಿಯನ್ನು ನಂಬುವ ಹಾಗಿಲ್ಲವೆಂದಾಯಿತು. ಉಳಿದದ್ದು ಅಧಿಕಾರಿ ಬರುವ ದಿನ ಒಂದೇ. ಬೀದಿಯ ವಾಟ್ಸಪ್ ಗುಂಪಿಗೆ ಹಾಕಿದೆ, ಮನೆ ಮನೆಗೂ ಹೋಗಿ ಹೇಳಿದೆ. "ಬುಧವಾರ ನಾಲ್ಕು ಗಂಟೆಗೆ ಎಲ್ಲರೂ ತಪ್ಪದೆ ಬರಬೇಕು. ಅವತ್ತೊಂದು ದಿನ ಪಾರ್ಕಿನಲ್ಲಿ ಹಸ ಕಟ್ಟಬೇಡಿ, ರಾಗಿ ಒಣಗಿಸಬೇಡಿ, ಇಸ್ಪೀಟು ಬೇಡ." ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಳಿಗೆ ಬಂದರೆ ಸಂಜೆ ನಾನು ಎಲ್ಲಿಗೆ ಹೋಗಲಿ ಅನ್ನುವುದೊಂದೇ ತಲೆಯಲ್ಲಿ.

ಮುಖ್ಯರಸ್ತೆಗೆ ಹೋಗಿ ಅಧಿಕಾರಿಯನ್ನು ನಾನೇ ಕರೆದುಕೊಂಡು ಬಂದೆ. ಸಣ್ಣ ವಯಸ್ಸಿನವರು, ಕಂಕುಳಲ್ಲಿ ಫೈಲು. ಬಂದು ನೋಡಿದರೆ ಪಾರ್ಕು ಫಳಫಳ ಅನ್ನುತ್ತಿದೆ. ಒಂದು ತರಗೆಲೆ ಇಲ್ಲ. ಗೇಟಿನ ಮುಂದೆ ರಂಗೋಲಿ. ಬೆಂಚುಗಳನ್ನು ತೊಳೆದಿದ್ದಾರೆ. ಆದರೆ ಒಳಗೆ ಒಂದು ನರಪಿಳ್ಳೆ ಇಲ್ಲ. ಇಡೀ ಬೀದಿ, ಒಳ್ಳೆ ಬಟ್ಟೆ ಹಾಕಿಕೊಂಡು, ಮುಡಿಗೆ ಹೂವಿಟ್ಟುಕೊಂಡು, ಕಾಂಪೌಂಡಿನ ಹೊರಗೆ ಸಾಲಾಗಿ ನಿಂತಿದೆ.

ಅಧಿಕಾರಿ ಫೈಲು ಬಿಚ್ಚಿ, "ಯಾರೂ ಬಳಸ್ತಿಲ್ಲ ಅನ್ನೋದು ಸರಿ ಹಾಗಾದ್ರೆ" ಅಂತ ಪೆನ್ನು ತೆಗೆದರು.

ನನಗೆ ಅಳುವೇ ಬಂತು. ಸಿಟ್ಟಿಗೋ ದುಃಖಕ್ಕೋ ಗೊತ್ತಿಲ್ಲ. "ಎಲ್ಲರೂ ಬನ್ನಿ ಅಂತ ಬಾಯಿ ಬಡ್ಕೊಂಡಿದ್ನಲ್ಲ, ಹೊರಗೆ ಯಾಕ್ರಿ ನಿಂತಿದ್ದೀರಿ?" ಅಂತ ಅಧಿಕಾರಿಯ ಎದುರೇ ಕೂಗಿಬಿಟ್ಟೆ.

ಎದುರು ಮನೆಯ ಗೌಡತಿ ಸೆರಗು ಹೊದ್ದು ಮುಂದೆ ಬಂದರು. "ನೆಂಟರು ಬಂದ್ರೆ ಗುಡ್ಸಿ ಸಾರ್ಸಿ ನಡುಮನೆ ಅವ್ರಿಗೆ ಬುಟ್ಟು ನಾವು ಒರಗೆ ನಿಲ್ಲಾಕಿಲ್ವಾ? ಅಂಗೆ ನಿಂತಿದ್ದೀವಿ ಕಣಮ್ಮ. ನಮ್ಮ ಜಾಗ, ನಾವಿರಬೇಕಾದ ಮರ್ಯಾದೇಲಿ ನಾವಿದ್ದೀವಿ."

ಅಧಿಕಾರಿಯ ಪೆನ್ನು ನಿಂತಿತು. "ಸರಿ ಅಮ್ಮ, ದಿನಾ ಹೆಂಗಿರ್ತೀರೋ ಹಂಗೇ ಇರಿ. ನಾನು ನೋಡ್ಕೊಂಡು ಹೋಗ್ತೀನಿ" ಅಂದರು.

ಹೇಳಿದ್ದೇ ತಡ, ಕಟ್ಟೆ ಒಡೆದಂತೆ ಒಳಗೆ ನುಗ್ಗಿದರು. ಎರಡೇ ನಿಮಿಷ. ಹೆಂಗಸರು ಮೊರ ತಂದು ಅವರೆಕಾಯಿ ಸುಲಿಯಲು ಕೂತರು. ಇಸ್ಪೀಟು ಯಾರ ಜೇಬಿನಿಂದ ಬಂತೋ ದೇವರಿಗೇ ಗೊತ್ತು. ಮಕ್ಕಳು ಹೊಂಗೆ ಮರ ಹತ್ತಿದವು. ಒಂದು ಹಸವೂ ಬಂತು. ಅಧಿಕಾರಿ ಎರಡು ಸುತ್ತು ನಡೆದು ಸುಸ್ತಾಗಿ, ಬರೆಯಲು ಕೂರೋಣ ಅಂತ ಒಂದು ಬೆಂಚಿನ ಹತ್ತಿರ ಹೋದರು. ಅಲ್ಲಿ ಮೂರು ಜನ. ತುದಿಯಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರ್.

"ಸ್ವಲ್ಪ ಸರೀತೀರಾ ಯಜಮಾನ್ರೆ?"

ಕಂಡಕ್ಟರು ಅಲುಗಾಡಲಿಲ್ಲ. "ಮುಂದ್ಕೆ ಓಗಿ ಸ್ವಾಮಿ, ಮುಂದೆ ಖಾಲಿ ಐತೆ."

ಮುಂದಿನ ಬೆಂಚಿನವರೂ ಮುಂದಕ್ಕೆ ಕಳಿಸಿದರು. ಆರೂ ಬೆಂಚು ಮುಗಿದವು. ನಾನು ಕಣ್ಣಲ್ಲೇ ಎಷ್ಟು ಸನ್ನೆ ಮಾಡಿದರೂ ಯಾರೂ ಏಳಲಿಲ್ಲ. ಪಾರ್ಕಿನ ಹಣೆಬರಹ ಬರೆಯಬೇಕಾದ ಮನುಷ್ಯ ಹಸದ ಪಕ್ಕ ನಿಂತು, ಫೈಲನ್ನು ಮರಕ್ಕೆ ಒತ್ತಿ ಹಿಡಿದು ಬರೆದುಕೊಂಡು ಹೋದರು. ಮುಗಿಯಿತು ಅಂದುಕೊಂಡು ನಾನು ಮನೆಗೆ ಬಂದು ಮಲಗಿಬಿಟ್ಟೆ.

ವಾರದ ಮೇಲೆ ವರದಿಯ ನಕಲು ಬಂತು. ಹೀಗಿತ್ತು: "ಸದರಿ ಉದ್ಯಾನದಲ್ಲಿ ಪರಿಶೀಲನೆಯ ವೇಳೆ ಪರಿಶೀಲನಾಧಿಕಾರಿಗೆ ಕುಳಿತುಕೊಳ್ಳಲು ಸ್ಥಳಾವಕಾಶ ದೊರೆತಿರುವುದಿಲ್ಲ. ಆದುದರಿಂದ ಸಾರ್ವಜನಿಕರು ಬಳಸುತ್ತಿಲ್ಲವೆಂಬ ಅರ್ಜಿದಾರರ ಹೇಳಿಕೆಯನ್ನು ತಿರಸ್ಕರಿಸಬಹುದಾಗಿದೆ."

ಎರಡು ಸಲ ಓದಿ, ಮೂರನೇ ಸಲ ಯಜಮಾನರಿಗೆ ಓದಿ ಹೇಳಿ, ಕುಣಿದುಕೊಂಡೇ ಪಾರ್ಕಿಗೆ ಹೋದೆ. ನಾನು ದಿನಾ ಕೂರುವ ಜಾಗದಲ್ಲಿ ಕಂಡಕ್ಟರು ಕಾಲು ಚಾಚಿ ಕೂತಿದ್ದರು. ವರದಿ ತೋರಿಸಿದೆ. ಸಂತೋಷಪಟ್ಟರು. "ಚೂರು ಸರೀರಿ, ಕೂತ್ಕೋತೀನಿ" ಅಂದೆ.

"ತಪ್ ತಿಳೀಬ್ಯಾಡಿ ಮೇಡಮ್ಮೋರೆ," ಅಂದರು. "ಅಷ್ಟು ದೊಡ್ಡ ಆಪೀಸರಿಗೇ ಜಾಗ ಬುಡ್ನಿಲ್ಲ. ಈಗ ನಿಮಗ್ ಬುಟ್ರೆ, ಆಯಪ್ಪಂಗೆ ಗೊತ್ತಾದ್ರೆ ಎಷ್ಟು ಬೇಜಾರಾದಾತು?"