ನಾಲ್ಕು ಡ್ರಮ್ಮಿನ ಮೇಲೊಂದು ಹೊರಸು

ಬೇರೆಯವರು ನೀರಿಗಿಳಿದರೆ ಮೀನು ಸಿಗುತ್ತವೆ. ನಾನು ಇಳಿದರೆ ಜನ ನಗುತ್ತಾರೆ. ಒಂದು ಸಲ ಅಲ್ಲ, ಇಳಿದಾಗೆಲ್ಲ.

ನನ್ನ ಹೆಂಡತಿ ಕಕ್ಕೇರಾ ಕಡೆಯವಳು. ಹೊಳಿ ಮೀನು ತಿಂದು ಬೆಳೆದವಳು. ಕ್ಯಾನಾಲ್ ಬಂದ ಮೇಲೆ ನಮ್ಮೂರ ಕೆರೆ ಬೇಸಿಗೆಯಲ್ಲೂ ಬತ್ತಲಿಲ್ಲ. ಆದರೂ ನಾನು ಮೀನು ತರುತ್ತಿದ್ದುದು ಶಹಾಪುರದ ಸಂತೆಯಿಂದ. "ಮನಿ ಮುಂದ ಕೆರಿ ಇಟ್ಕೊಂಡು ಸಂತ್ಯಾಗ ಮೀನ ಕೊಳ್ಳೋ ಗಂಡಸು ನೀವೊಬ್ರೇ ನೋಡ್ರಿ" ಅನ್ನುತ್ತಿದ್ದಳು.

ಹೋದ ವರ್ಷ ತೀರಿಕೊಂಡಳು. ವರ್ಷದ ಎಡಿ ಹತ್ತಿರ ಬಂತು. ಸತ್ತವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಕಾಗೆ ಮುಟ್ಟಿದ ಮೇಲೆ ನಾವು ಉಣ್ಣೋದು. ಅವಳ ಎಲೆಗೆ ನಾನೇ ಹಿಡಿದ ಮೀನು ಇಡಬೇಕು ಅಂತ ಮನಸ್ಸಿಗೆ ಬಂತು. ಬಂದದ್ದು ಹೋಗಲಿಲ್ಲ.

ಕುಂಡ್ರೋದು

ಯಾದಗಿರಿಯ ಗುಜರಿ ಅಂಗಡಿಯಿಂದ ನಾಲ್ಕು ನೀಲಿ ಡ್ರಮ್ಮು ತಂದೆ. ಬಾಯಿ ಬಿಗಿಯಾಗಿ ಮುಚ್ಚಿ, ಮೇಲೆ ಮನೆಯಲ್ಲಿ ಮಲಗುವ ಹೊರಸು ಕಟ್ಟಿದೆ. ತೆಪ್ಪ ಆಯಿತು. ಕೆರೆಗೆ ಇಳಿಸಿದೆ.

ನಮ್ಮ ಕೆರೆಯಲ್ಲಿ ಬಲೆ ಬೀಸುವ ಕಾಕಾ ಒಬ್ಬರಿದ್ದಾರೆ. ಹರಿಗೋಲಿನಲ್ಲೇ ಹುಟ್ಟಿದವರಂತೆ ಕೂಡುತ್ತಾರೆ. ದಂಡೆಯಿಂದ ಕೂಗಿದರು.

"ತಮ್ಮಾ, ನಡುವ ಕುಂಡ್ರೋ."

"ನಡುವ ಕುಂತ್ರ ಬ್ಯಾನಿ ಬಿದ್ದವ್ರಂಗ ಕಾಣ್ತದ ಕಾಕಾ."

ಮನೆ ಮುಂದೆ ಕೂಡುವ ಹಾಗೆ ಅಂಚಿಗೆ ಕೂತು ಕಾಲು ಇಳಿಬಿಟ್ಟೆ. ಹೊರಸು ಮಗುಚಿತು. ಡ್ರಮ್ಮು ಮೇಲೆ, ನಾನು ಕೆಳಗೆ. ಕೆಸರು ಉಗುಳಿ ಎದ್ದು ನಿಂತೆ.

ಕಾಕಾ ಬೀಡಿ ಹಚ್ಚಿದರು. "ಈಗ ಹೆಂಗ ಕಾಣಾಕತ್ತಿ ಗೊತ್ತೇನು? ಬ್ಯಾನಿ ಬಿದ್ದಿದ್ರ ಚಂದ ಕಾಣ್ತಿದ್ದಿ."

ನೀರು ಬಂದ್

ಇನ್ನಷ್ಟು ಅಗಲ ಕಟ್ಟಬೇಕು ಅಂತ ಡ್ರಮ್ಮು ಬಿಚ್ಚಿ, ತೊಳೆದು, ಅಂಗಳದಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಎತ್ತಲು ಹೋದರೆ ಒಂದೂ ಅಲುಗಲಿಲ್ಲ. ಒಳಗೆ ನೋಡಿದೆ. ನಾಲ್ಕರಲ್ಲೂ ನೀರು, ಕಂಠದ ಮಟ.

ಪಕ್ಕದ ಮನೆಯವಳು ಕೊಡ ಹಿಡಿದು ಬಂದಳು. "ನಾನೇ ತುಂಬೀನಿ ಅಣ್ಣಾ. ಇವತ್ತಿಂದ ಕ್ಯಾನಾಲ ಬಂದ್ ಅಲ್ಲೇನ್ರಿ? ಅಕ್ಕ ಇದ್ದಿದ್ರ ತುಂಬಿಡ್ತಿದ್ಲು."

ಕ್ಯಾನಾಲ್ ಬಂದ್ ಆಗುವ ಹಿಂದಿನ ದಿನ ನಮ್ಮ ಓಣಿಯ ಹೆಂಗಸರು ಚೊಂಬನ್ನೂ ಖಾಲಿ ಬಿಡುವುದಿಲ್ಲ. ನನಗದು ನೆನಪಿರಲಿಲ್ಲ. ನೆನಪಿಡುವವಳು ಬೇರೆ ಇದ್ದಳು.

"ತಂಗೀ, ಇವನ್ನ ತೇಲಾಕ ತಂದೀನಿ" ಅಂದೆ.

"ಅಯ್ಯ, ಹಂಗಂತ ನೀರ ಚೆಲ್ಲಬ್ಯಾಡ್ರಿ ಮತ್ತ!"

ಓಣಿಯವರನ್ನೆಲ್ಲ ಕರೆದಳು. ಕೊಡ ಹೊತ್ತರು, ಬಕೀಟು ತುಂಬಿದರು. ಅವತ್ತು ಓಣಿಯೆಲ್ಲ ನನ್ನ ತೆಪ್ಪದಿಂದ ಜಳಕ ಮಾಡಿತು. ಇಷ್ಟು ಜನಕ್ಕೆ ಉಪಯೋಗವಾದ ತೆಪ್ಪ, ನೀರಿನ ಮೇಲೆ ಇನ್ನೂ ನೆಟ್ಟಗೆ ತೇಲಿರಲಿಲ್ಲ.

ಹಿಟ್ಟು

ಗಾಳಕ್ಕೆ ಜೋಳದ ಹಿಟ್ಟಿನ ಉಂಡೆ ಸಿಗಿಸಬೇಕು ಅಂತ ಕಾಕಾ ಹೇಳಿದ್ದರು. ಹಿಟ್ಟು ನಾದಿದವನಲ್ಲ ನಾನು. ತಣ್ಣೀರು ಸುರಿದು ಕಲಸಿದೆ. ಗಾಳ ನೀರು ಮುಟ್ಟಿದ ಕೂಡಲೇ ಉಂಡೆ ಕರಗಿತು. ಮೀನು ಬಂದವು, ತಿಂದವು, ಮತ್ತೆ ಬಂದವು. ಮಧ್ಯಾಹ್ನದ ತನಕ ಹಾಕಿದೆ. ತೆಪ್ಪ ಅಗಲ ಕಟ್ಟಿ, ಈ ಸಲ ನಡುವೆಯೇ ಕೂತಿದ್ದೆ.

ಕಾಕಾ ಹರಿಗೋಲು ತಿರುಗಿಸಿಕೊಂಡು ಹತ್ತಿರ ಬಂದರು. "ಎಷ್ಟು ಸಿಕ್ಕಾವು?"

"ಒಂದೂ ಇಲ್ಲ ಕಾಕಾ."

"ಇಲ್ಲಿ ಬಂದವು ಎಲ್ಲಿಗೂ ಹೋಗವಲ್ಲವು. ತಮ್ಮಾ, ನೀ ಮೀನ ಹಿಡಿಯಾಕತ್ತಿಲ್ಲ. ಸಾಕಾಕತ್ತಿ."

ಪಕ್ಕದ ಮನೆಯವಳೇ ಕೊನೆಗೆ ಎಸರು ಕಾಸಿ, ರೊಟ್ಟಿಗೆ ನಾದುವ ಹಾಗೆ ನಾದಿ ಕೊಟ್ಟಳು. "ರೊಟ್ಟಿ ತಿನ್ನೋರಿಗೆ ಇಷ್ಟೂ ಗೊತ್ತಿಲ್ಲೇನ್ರಿ?" ಅಂದಳು. ಗೊತ್ತಿದ್ದದ್ದು ತಿನ್ನೋದು ಮಾತ್ರ.

ಎಡಿ

ಎಡಿಯ ಹಿಂದಿನ ದಿನ ದಾರ ಎಳೆಯಿತು. ನಾನೂ ಎಳೆದೆ. ಅಂಗೈಯಷ್ಟು ಒಂದು ಜಿಲೇಬಿ ಮೀನು. ಕೂಗಿದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯವಳು ಎದ್ದು ನಿಂತಳು. ಕಾಕಾ ಮೀನನ್ನು ನೋಡಿದರು, ತೆಪ್ಪವನ್ನು ನೋಡಿದರು. "ಇಷ್ಟು ಮೀನಕ್ಕ ನಾಕು ಡ್ರಮ್ಮು ಬೇಕಾದ್ವೇನೋ?"

ಮರುದಿನ ಮಾಳಿಗೆ ಮೇಲೆ ಎಲೆ ಹಾಕಿದೆವು. ಅನ್ನ, ಹೋಳಿಗೆ, ಮೀನು. ದೂರ ಸರಿದು ನಿಂತೆವು.

ಕಾಗೆ ಬಂತು. ಅನ್ನ ತಿಂದಿತು. ಹೋಳಿಗೆ ತಿಂದಿತು. ಮೀನಿನ ಮುಂದೆ ಬಂದು ಕತ್ತು ಓರೆ ಮಾಡಿತು. ನನ್ನ ಕಡೆ ನೋಡಿತು. ಹಿಂದೆ ಸರಿಯಿತು.

"ಅಕ್ಕ ನಂಬವಲ್ಲಳು. ಸಂತ್ಯಾಗಿನದು ಅಂತ ತಿಳಿದಾಳ" ಅಂದಳು ಪಕ್ಕದ ಮನೆಯವಳು.

"ನಾನೇ ಹಿಡಿದೀನಿ" ಅಂದೆ. ಕಾಗೆ ಕದಲಲಿಲ್ಲ.

"ನಿನ್ನ ಆಣಿ" ಅಂದೆ. ಇನ್ನೊಂದು ಹೆಜ್ಜೆ ಹಿಂದೆ ಹೋಯಿತು.

ಪಕ್ಕದ ಮನೆಯವಳಿಗೆ ತಡೆಯಲಾಗಲಿಲ್ಲ. ಸೆರಗು ಸಿಗಿಸಿ ಮುಂದೆ ಬಂದಳು. "ಹೌದಕ್ಕಾ! ಅರಿಬಿ ಒಗೆಯಾಕತ್ತಿದ್ದೆ, ಕಣ್ಣಾರೆ ನೋಡೀನಿ. ಇವರೇ ಹಿಡಿದಾರ. ಇಷ್ಟಕ್ಕ ಊರೆಲ್ಲ ಕೇಳೂವಂಗ ಚೀರ್ಯಾರ!"

ಕಾಗೆ ಮೀನು ಕಚ್ಚಿಕೊಂಡು ಹಾರಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ, ಅವಳು ಹೋದ ಮೇಲೆ ಮೊದಲ ಸಲ. ಇದ್ದಾಗಲೂ ಹಿಂಗೇ ಇದ್ದಳು. ನಾನು ಆಣಿ ಮಾಡಿದರೆ ಅನುಮಾನ. ಪಕ್ಕದ ಮನೆಯವಳು ಹೇಳಿದರೆ ಖರೆ.