ಗೊರೇಬಾಳದ ವೋಲ್ಟೇಜು

ಬೆಳಿಗ್ಗೆ ಏಳು ಗಂಟೆಗೆ ಲಿಂಗಸುಗೂರಿನ ಬಾಡಿಗೆ ಮನೆಯಲ್ಲಿ ಗಂಗಾಧರ ಒಂದು ಸ್ವಿಚ್ಚು ಒತ್ತಿದ. ಟಪ್ ಎಂದಿತು, ಸುಟ್ಟ ವಾಸನೆ ಬಂತು, ಮೇಜಿನ ಮೇಲಿದ್ದ ಮಾವನ ಹಳೆಯ ಸಿನಿಮಾ ಪ್ರೊಜೆಕ್ಟರು ಕಣ್ಣು ಮುಚ್ಚಿತು.

ಗಂಗಾಧರ ಕೆಟ್ಟವನೇನಲ್ಲ, ಶಾಲೆಯೊಂದರಲ್ಲಿ ಗುಮಾಸ್ತ. ಆದರೆ ಅತ್ತೆಮನೆಯಲ್ಲಿ ಕೈಕಟ್ಟಿ ಕೂರಲಾರದ ಕಾಯಿಲೆಯವನು. ಹೋದ ತಿಂಗಳು ಬಾಣಂತಿ ಹೆಂಡತಿ ಪದ್ಮಾವತಿಯನ್ನು ನೋಡಲು ಗೊರೇಬಾಳಕ್ಕೆ ಹೋದಾಗ, ಯಾರೂ ಕೇಳದಿದ್ದರೂ, ಎಣ್ಣೆ ಬಿಡಿಸಿಕೊಂಡು ಬರುತ್ತೇನೆಂದು ಚೆನ್ನಾಗಿದ್ದ ಯಂತ್ರವನ್ನು ಹೊತ್ತು ತಂದಿದ್ದ. ತಂದವನು ಅದನ್ನು ಅಟ್ಟಕ್ಕೆ ಹಾಕಿ ಮರೆತಿದ್ದ. ಇವತ್ತು ಮಧ್ಯಾಹ್ನ ಮೂರಕ್ಕೆ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ, ಯಂತ್ರ ಅಲ್ಲಿರಲೇಬೇಕು.

ಮಾವ ಗೋಪಣ್ಣ ಹಿಂದೆ ಕಾಲುವೆ ಇಲಾಖೆಯ ಬಂಗಲೆಯಲ್ಲಿ ಕಾವಲುಗಾರ. ಅಲ್ಲಿದ್ದ ಸಾಹೇಬರೊಬ್ಬರು ಅವನ ಮದುವೆಯನ್ನು ಪುಟ್ಟ ಕ್ಯಾಮರಾದಲ್ಲಿ ಹಿಡಿದು, ವರ್ಗವಾಗಿ ಹೋಗುವಾಗ ರೀಲನ್ನೂ ಯಂತ್ರವನ್ನೂ ಅವನಿಗೇ ಕೊಟ್ಟಿದ್ದರು. ಮೂರು ನಿಮಿಷದ ಮೂಕ ರೀಲು. ಅದರಲ್ಲಿ ಅತ್ತೆ ಕನಕಮ್ಮನ ತಾಯಿ ಗದ್ದೆಮ್ಮ ಅಂಗಳದಲ್ಲಿ ಓಡಾಡುತ್ತಾಳೆ. ಆಕೆ ತೀರಿಕೊಂಡು ಎಷ್ಟೋ ಕಾಲವಾಯಿತು, ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಕೂಸಿಗೆ ಆಕೆಯ ಹೆಸರನ್ನೇ ಇಡುವುದು. ಕನಕಮ್ಮನ ಷರತ್ತು ಒಂದೇ: ಬಂದ ಮಂದಿ ಮೊದಲು ಹೆಸರಿನವಳನ್ನು ನೋಡಬೇಕು, ಆಮೇಲೆ ಕೂಸಿನ ಕಿವಿಯಲ್ಲಿ ಹೆಸರು ಕೂಗಬೇಕು. ಅಲ್ಲಿಯವರೆಗೆ ಕೂಸಿಗೆ ಹೆಸರಿಲ್ಲ.

ಸುಟ್ಟ ವಾಸನೆ ಹಿಡಿದು ಪಕ್ಕದ ಮನೆಯ ಶಕೀಲ್ ಬಂದ. ಮಿಕ್ಸಿ ರಿಪೇರಿ ಮಾಡುವವನು. ಯಂತ್ರವನ್ನು ತಲೆಕೆಳಗು ಮಾಡಿ ನೋಡಿ, ಒಳಗಿನ ಫ್ಯೂಜು ಹೋಗಿದೆ ಎಂದು ಹೇಳಿ, ಅದರ ಜಾಗಕ್ಕೆ ಬಟ್ಟೆ ಒಣಹಾಕಬಹುದಾದಷ್ಟು ದಪ್ಪನೆಯ ತಂತಿ ಬಿಗಿದ.

"ಇನ್ನ ಇದು ಜಲ್ಮದಾಗ ಹೋಗಂಗಿಲ್ಲ, ಗಂಗಾಧರಣ್ಣ. ಹಾಕು."

ಅವನು ಹೇಳಿದ್ದು ನಿಜವೇ. ಆ ತಂತಿ ಹೋಗಲಿಲ್ಲ. ಅದರ ಬದಲು ಬಲ್ಬು ಒಡೆಯಿತು, ಒಳಗಿನ ವೈರು ಕರಕಲಾಯಿತು, ಮನೆಯ ಫ್ಯೂಜು ಹಾರಿತು, ಸಾಲಿನ ಆರು ಮನೆಗಳ ಕರೆಂಟು ಹೋಯಿತು. ಅರೆಬರೆ ರುಬ್ಬಿದ ಚಟ್ನಿಯ ಜಾರು ಹಿಡಿದು ಎದುರು ಮನೆಯ ಕಸ್ತೂರೆಮ್ಮ ಬಾಗಿಲಲ್ಲಿ ನಿಂತಳು. ಬೈಯಲು ಬಂದವಳು ಯಂತ್ರ ನೋಡಿ ಬೈಯುವುದನ್ನು ಮರೆತಳು. ಹತ್ತು ನಿಮಿಷದಲ್ಲಿ ಓಣಿಯ ಅರ್ಧ ಮಂದಿ ಒಳಗಿದ್ದರು. ಒಬ್ಬರು ಅರ್ಥಿಂಗ್ ಇಲ್ಲ ಎಂದರು, ಇನ್ನೊಬ್ಬರು ಕೆಪಾಸಿಟರ್ ಹೋಗಿದೆ ಎಂದರು, ಕಸ್ತೂರೆಮ್ಮ ದೃಷ್ಟಿಯಾಗಿದೆ ಎಂದಳು. ನಿಂಬೆಹಣ್ಣು ನಿವಾಳಿಸಿದ ಮೇಲೆ ಆಕೆಯೇ, ಮಸ್ಕಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಶಾವಲಿ ಇದ್ದಾನೆ, ಅವನ ಹತ್ತಿರ ಒಯ್ಯಿ ಎಂದು ಒಂದು ಉಪಯೋಗದ ಮಾತನ್ನೂ ಆಡಿದಳು.

ಅಷ್ಟರಲ್ಲಿ ಪದ್ಮಾವತಿಯ ಫೋನು.

"ಮಷಿನ್ ಛಲೋ ಐತಿಲ್ರಿ? ಅವ್ವ ನಸುಕಿನ್ಯಾಗ ಎದ್ದು ಸಿನಿಮಾಕ್ಕಂತ ಗ್ವಾಡಿಗೆ ಬಿಳಿ ದೋತ್ರ ಕಟ್ಟಿಸ್ಯಾಳ."

"ಛಲೋ ಐತಿ," ಎಂದ ಗಂಗಾಧರ.

ಜ್ವರದ ಕೂಸನ್ನು ಎತ್ತಿಕೊಂಡಂತೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಸ್ಕಿ ಮುಟ್ಟಿದಾಗ ಹತ್ತೂವರೆ. ಶಾವಲಿಯ ಅಂಗಡಿ ತುಂಬ ಹೊಲದ ಪಂಪಿನ ಮೋಟಾರುಗಳು. ಅವನು ಅವಸರ ಮಾಡುವ ಪೈಕಿ ಅಲ್ಲ. ಚಹಾ ಕುಡಿದ. ಶಕೀಲನ ತಂತಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಹೊರಗೆಸೆದ. ಕರಕಲು ವೈರು ಕತ್ತರಿಸಿ ಹೊಸದು ಜೋಡಿಸಿದ. ನಡುವೆ ಬಲ್ಬು ಕೂರಿಸಿ ಕರೆಂಟಿನ ಜೋರು ಕಡಿಮೆ ಮಾಡುವ ಸೀರೀಸ್ ಬೋರ್ಡಿಗೆ ಯಂತ್ರವನ್ನು ಹಚ್ಚಿದ. ಮೋಟಾರು ಮೆಲ್ಲಗೆ ಗುರುಗುಟ್ಟುತ್ತ ತಿರುಗಿತು.

"ಸಾರ್, ಇದು ಹೊರದೇಶದ್ದು, ನೂರಾಹತ್ತು ವೋಲ್ಟಿಂದು. ನಮ್ಮ ಲೈನಿನ್ಯಾಗ ಅದರ ಡಬಲ್ ಬರತೈತಿ. ಇಷ್ಟು ವರ್ಷ ಎಲ್ಲಿ ಹಚ್ಚಿದ್ರಿ ಇದನ್ನ?"

"ಗೊರೇಬಾಳದಾಗ. ನೆಟ್ಟಗ ಪ್ಲಗ್ಗಿಗೇ ಹಚ್ಚತಿದ್ರು. ಏನೂ ಆಗಿದ್ದಿಲ್ಲ."

ಶಾವಲಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. ಕಾಲುವೆ ದಂಡೆಯ ಭತ್ತದ ಗದ್ದೆಗಳ ಮೋಟಾರೆಲ್ಲ ಶುರುವಾದರೆ ಗೊರೇಬಾಳದ ಮನೆಗಳಿಗೆ ಉಳಿಯುವ ವೋಲ್ಟೇಜು ನೂರು ದಾಟುವುದಿಲ್ಲವಂತೆ. ಆ ಊರಿನಲ್ಲಿ ಯಾವ ಫ್ಯಾನೂ ನೊಣ ಓಡಿಸಿದ್ದಿಲ್ಲ. ಆ ಬಡ ಕರೆಂಟೇ ಇಷ್ಟು ವರ್ಷ ಯಂತ್ರವನ್ನು ಕಾಪಾಡಿತ್ತು. ಗಂಗಾಧರ ಅದನ್ನು ಲಿಂಗಸುಗೂರಿಗೆ ತಂದು ಹೊಟ್ಟೆ ಬಿರಿಯುವಷ್ಟು ಉಣಿಸಿದ್ದ.

ಕರೆಂಟು ಅರ್ಧ ಮಾಡುವ ಡಬ್ಬಿ ರಾಯಚೂರಿನಿಂದ ತರಿಸಲು ಎರಡು ದಿನ ಬೇಕು. ಆದರೆ ಊರಿಗೇ ಒಯ್ಯುವುದಾದರೆ ಡಬ್ಬಿ ಏತಕ್ಕೆ ಎಂದು ಶಾವಲಿ ಕೇಳಿದ. ಒಡೆದ ಬಲ್ಬಿನ ಜಾಗಕ್ಕೆ ಟ್ರ್ಯಾಕ್ಟರಿನ ಹೆಡ್‌ಲೈಟ್ ಬಲ್ಬು ಕೂರಿಸಿ, ಅದಕ್ಕೊಂದು ಬ್ಯಾಟರಿಯನ್ನೂ ಕೊಟ್ಟ. ಹೊರಡುವಾಗ ಒಂದೇ ಮಾತು ಹೇಳಿದ.

"ಮೋಟಾರ್ ಇನ್ನೊಮ್ಮೆ ಪೂರಾ ಕರೆಂಟ್ ಕುಡದ್ರ ಸುಟ್ಟು ಹೋಕ್ಕೈತಿ. ಗೊರೇಬಾಳ ಬಿಟ್ಟು ಎಲ್ಲೂ ಹಚ್ಚಬ್ಯಾಡ್ರಿ."

ಎರಡೂವರೆಗೆ ಗಂಗಾಧರ ಅತ್ತೆಮನೆ ಹೊಕ್ಕ. ಕಿಟಕಿಗಳಿಗೆ ಕೌದಿ ಕಟ್ಟಿ ಕತ್ತಲು ಮಾಡಿದ್ದರು. ಪಡಸಾಲೆ ತುಂಬ ಮಂದಿ, ಮಧ್ಯೆ ತೊಟ್ಟಿಲು. ಅವನು ರೀಲು ಏರಿಸಿ, ಬ್ಯಾಟರಿ ಜೋಡಿಸಿ, ಪ್ಲಗ್ಗು ಚುಚ್ಚಿದ. ಸ್ವಿಚ್ಚು ತಾನೇ ಹಾಕುತ್ತೇನೆಂದು ಕನಕಮ್ಮ ಗೋಡೆಯ ಹತ್ತಿರ ನಿಂತಳು. ಬೆಳಗಿನಿಂದ ಮೊದಲ ಬಾರಿ ಗಂಗಾಧರ ನಿರಾಳವಾಗಿ ಉಸಿರುಬಿಟ್ಟು, ಬೆವರು ಒರೆಸಿಕೊಳ್ಳಲು ಕರವಸ್ತ್ರ ತೆಗೆದ. ಅದು ಕೈಯಿಂದ ಹಾರಿಹೋಯಿತು. ತಲೆ ಎತ್ತಿ ನೋಡಿದರೆ ಫ್ಯಾನು ಭರ್ರೆಂದು ತಿರುಗುತ್ತಿತ್ತು.

ಗೋಪಣ್ಣ ಮೀಸೆ ತಿರುವಿದ. "ಕರೆಂಟಿನ ಹೊಸಾ ಟ್ರಾನ್ಸ್‌ಫಾರ್ಮರ್ ಕುಂದ್ರಿಸ್ಯಾರ, ಅಳಿಯಾರ. ನಮ್ಮ ಓಣಿಗೇ ಬ್ಯಾರೆ. ಸಿನಿಮಾಕ್ಕ ಕರೆಂಟ್ ಕಮ್ಮಿ ಆಗಬಾರದಂತ ಎರಡು ತಿಂಗಳು ಕರೆಂಟ್ ಆಫೀಸಿಗೆ ತಿರುಗೀನಿ. ನಿನ್ನಿ ಸಂಜೀಕ ಚಾಲೂ ಆತು."

"ಅತ್ತಿ, ತಡೀರಿ," ಎಂದು ಗಂಗಾಧರ ಕೈ ಚಾಚುವಷ್ಟರಲ್ಲಿ ಕನಕಮ್ಮ ಒತ್ತಿಬಿಟ್ಟಿದ್ದಳು.

ಯಂತ್ರ ಹಿಟ್ಟಿನ ಗಿರಣಿಯಂತೆ ಕೂಗಿಕೊಂಡಿತು. ದೋತ್ರದ ಮೇಲೆ ಮದುವೆ ಶುರುವಾದದ್ದೂ ಕೊರಳಿಗೆ ತಾಳಿ ಬಿದ್ದದ್ದೂ ಒಂದೇ ಆಯಿತು. ಪಂಕ್ತಿಯವರು ಗಬಗಬ ಉಂಡು ಎದ್ದರು. ಗದ್ದೆಮ್ಮ ತಂಬಿಗೆ ಹಿಡಿದು ಬಾಗಿಲಿನಿಂದ ಬಂದು, ಅಂಗಳದ ತುಂಬ ಓಡಾಡಿ, ಯಾರನ್ನೋ ಗದರಿ, ಕ್ಯಾಮರಾದ ಕಡೆ ತಿರುಗಿ ನಕ್ಕು ಹೋದಳು. ಮೂರು ನಿಮಿಷದ ರೀಲು ಒಂದೂವರೆ ನಿಮಿಷಕ್ಕೆ ಮುಗಿಯಿತು. ಕೂಗು ಸಣ್ಣಗಾಗುತ್ತ ನಿಂತಿತು. ತಳದಿಂದ ಹೊಗೆ ಎದ್ದಾಗ ಗಂಗಾಧರ ಹೆಗಲ ಟವೆಲ್ಲನ್ನು ಅದರ ಮೇಲೆ ಹಾಕಿದ.

ಕನಕಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಆಕೆಯ ತಾಯಿಯ ಮಾನ ಮಂದಿಯ ಮುಂದೆ ಹೋಯಿತೆಂದು ಗಂಗಾಧರ ಕಾಲಿಗೆ ಬೀಳಲು ಬಗ್ಗಿದ. ಆಕೆ ಅವನ ರಟ್ಟೆ ಹಿಡಿದಳು.

"ನಮ್ಮವ್ವ ಹಂಗೇ ಇದ್ಲು. ನಿಂತಲ್ಲಿ ನಿಲ್ತಿದ್ದಿಲ್ಲ. ಇಷ್ಟು ವರ್ಷ ಈ ಸಿನಿಮಾದಾಗ ಜ್ವರ ಬಂದಾಕಿ ಹಂಗ ಮೆಲ್ಲಕ ನಡೀತಿದ್ಲು, ಇಕಿ ನಮ್ಮವ್ವ ಅಲ್ಲ ಅನ್ನಿಸ್ತಿತ್ತು. ನೀವು ಖರೇ ನಮ್ಮವ್ವನ್ನ ತೋರಿಸಿದ್ರಿ."

ಅತ್ತೆಮನೆಯಲ್ಲಿ ಹೊಗಳಿಸಿಕೊಳ್ಳುವುದು ಹೇಗಿರುತ್ತದೆಂದು ಗಂಗಾಧರನಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅತ್ತೆಗೆ ತಾಯಿ ಸಿಕ್ಕಿದ್ದಳು, ಇನ್ನು ಕೂಸಿಗೆ ಹೆಸರೂ ಸಿಗುತ್ತದೆ ಎಂದು ಅವನು ಹಿಗ್ಗಿದ.

ಆಗ ಬಾಗಿಲಲ್ಲಿ ಕನಕಮ್ಮನ ಅಣ್ಣ ದುರುಗಪ್ಪ ಕಾಣಿಸಿಕೊಂಡ. ಮುದಗಲ್ಲಿನಿಂದ ಬರುವ ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಕನಕಮ್ಮ ಓಡಿಹೋಗಿ ಆ ಮುದುಕನ ಕೈ ಹಿಡಿದು ತಂದು ಎಲ್ಲರಿಗಿಂತ ಮುಂದೆ ಕೂರಿಸಿದಳು.

"ಅಣ್ಣ, ಅವ್ವ ಓಡ್ಯಾಡಾಕತ್ತಾಳ. ನೀ ನೋಡಲಾರದ ಹೆಸರು ಇಡಂಗಿಲ್ಲ. ಹಾಕ್ರಿ ಅಳಿಯಾರ, ಇನ್ನೊಮ್ಮೆ."

ಗಂಗಾಧರ ಟವೆಲ್ಲಿನ ಕೆಳಗೆ ಬೆರಳಿಟ್ಟು ನೋಡಿ ಚುರುಕ್ ಎಂದು ಹಿಂದಕ್ಕೆಳೆದುಕೊಂಡ. ಶಾವಲಿ ಹೇಳಿದಂತೆ ಮೋಟಾರು ಸುಟ್ಟಿತ್ತು. ಮಂದಿಯೆಲ್ಲ ಮತ್ತೆ ದೋತ್ರದ ಕಡೆ ಮುಖ ಮಾಡಿ ಕುಳಿತರು. ತೊಟ್ಟಿಲಲ್ಲಿ ಹೆಸರಿಲ್ಲದ ಕೂಸು ಅಳಲು ಶುರುಮಾಡಿತು, ಅದರ ಅಪ್ಪನಿಗೂ ಉಳಿದದ್ದು ಅಳುವುದೊಂದೇ.