ಗೀಜಗ ಏರ್‌ಲೈನ್ಸ್‌ನವರಿಗೆ, ಸಾಮಾನು ಕೋಣೆ ಸೇರಿದ ರೊಟ್ಟಿ ಗಂಟಿನ ಬಗ್ಗೆ

ಗೀಜಗ ಏರ್‌ಲೈನ್ಸ್‌ನ ಗ್ರಾಹಕ ಸೇವೆಯ ಮುಖ್ಯಸ್ಥರ ಸನ್ನಿಧಿಗೆ, ತೇರದಾಳದ ಬೆಲ್ಲದ ವ್ಯಾಪಾರಿಯ ಜಯ ಜಿನೇಂದ್ರ.

ಮಾನ್ಯರೇ,

ಕಳೆದ ಗುರುವಾರ ಸೂರ್ಯ ಎರಡು ಸಲ ಮುಳುಗಿದ, ಒಮ್ಮೆ ಬೆಳಗಾವಿಯಲ್ಲಿ, ಇನ್ನೊಮ್ಮೆ ತಮ್ಮ ವಿಮಾನದ ಎಡಗಡೆಯ ಕಿಟಕಿಯಲ್ಲಿ. ಎರಡೂ ಸಲ ನನ್ನ ತಾಯಿ ಬಾಳವ್ವ ಉಪವಾಸವಿದ್ದರು. ವರದಿ ಅವರದೇ, ಊರಿಗೆಲ್ಲ ಫೋನಿನಲ್ಲಿ ತಿಳಿಸಿಯೂ ಆಗಿದೆ. ಪಕ್ಕದ ಸೀಟಿನಲ್ಲಿದ್ದ ನಾನು ಸಾಕ್ಷಿ.

ಗಿರನಾರ ಯಾತ್ರೆಗೆ ಹೊರಟ ನಮ್ಮನ್ನು, ತೇರದಾಳದಿಂದ ಬೆಳಗಾವಿಗೆ ತೆತ್ತ ಕಾರಿನ ಬಾಡಿಗೆಗಿಂತ ಕಡಿಮೆ ದರದಲ್ಲಿ ಅಹಮದಾಬಾದಿಗೆ ಹಾರಿಸಿದ ತಮ್ಮ ಔದಾರ್ಯಕ್ಕೆ ಮೊದಲು ವಂದನೆ. ತಪ್ಪು ನನ್ನದೂ ಇದೆ. ಕೈಚೀಲ ಏಳು ಕಿಲೋ ಮೀರಬಾರದೆಂಬ ತಮ್ಮ ಅಪ್ಪಣೆಯಂತೆ ಅಂಗಡಿಯ ಕಾಟಾದಲ್ಲಿ ತೂಗಿ, ನಲವತ್ತು ವರ್ಷಗಳ ವ್ಯಾಪಾರದ ರೂಢಿಯಲ್ಲಿ ಬಾರದಾನ, ಅಂದರೆ ಖಾಲಿ ಚೀಲದ ತೂಕ, ಕಳೆದು, ಸರಿಯಾಗಿ ಏಳು ಕಿಲೋ ಎಂದು ಚೀಟಿ ಅಂಟಿಸಿದ್ದೆ. ವಿಮಾನದವರು ಬಾರದಾನ ಕಳೆಯುವುದಿಲ್ಲವೆಂದು ಕೌಂಟರಿನಲ್ಲಿದ್ದವರು ನಗುತ್ತ ತಿಳಿಸಿ, ಚೀಲವನ್ನು ತಳದ ಸಾಮಾನು ಕೋಣೆಗೆ ಕಳಿಸಿದರು. ಅವ್ವನ ರೊಟ್ಟಿ ಗಂಟು ಅದರೊಳಗೇ ಹೋಯಿತು.

ಎಪ್ಪತ್ತಾರರ ಅವ್ವ, ನಮ್ಮ ಜೈನರ ನೇಮದಂತೆ, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅಂದು ಒಪ್ಪತ್ತು ಬೇರೆ, ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾಲ್ಕಕ್ಕೆ ಹೊರಟಿದ್ದರೆ ಇಳಿದು ಬೆಳಕಿರುವಾಗಲೇ ಗಂಟು ಬಿಚ್ಚಬಹುದಿತ್ತು. ತಾವು ಎರಡು ಗಂಟೆ ಇಪ್ಪತ್ತೆರಡು ನಿಮಿಷಗಳ ವಿಶ್ರಾಂತಿಯನ್ನು, ಯಾವ ಶುಲ್ಕವೂ ಇಲ್ಲದೆ, ಕರುಣಿಸಿದಿರಿ.

ಸೂರ್ಯ ಮುಳುಗಿದ ಬೆನ್ನಿಗೇ ವಿಮಾನ ಮೇಲೇರಿತು. ಏರುತ್ತ ಹೋದಂತೆ ಆತ ಪಡುವಣದಲ್ಲಿ ಮತ್ತೆ ಎದ್ದ. "ಪಾರಿಸ್ಯಾ, ಹೊತ್ತ ಇನ್ನೂ ಐತಲೇ! ಗಂಟ ಬಿಚ್ಚ!" ಎಂದರು ಅವ್ವ. ಗಂಟು ನಮ್ಮ ಕಾಲ ಕೆಳಗೇ ಎಲ್ಲೋ ಇತ್ತು. ಅವರು ಗಗನಸಖಿಯ ಕೈ ಹಿಡಿದು, "ಯವ್ವಾ, ಒಂದೀಟ ತಳಗ ಇಳದ ತಂದ ಕೊಡ ಬೇ, ನಿನ್ನ ಗಾಡ್ಯಾಗ ನಿನಗ ಬ್ಯಾಡನ್ನಾವ್ರ ಯಾರು?" ಎಂದು ಕೇಳಿದರು. ಆಕೆ ಬಹು ವಿನಯದಿಂದ, ಅವ್ವ ಮುಟ್ಟದ ಉಳ್ಳಾಗಡ್ಡಿ ಹಾಕಿದ ಉಪ್ಪಿಟ್ಟಿನ ಡಬ್ಬಿಯನ್ನು ದರದ ಸಮೇತ ತೋರಿಸಿದರು. ಎಂಟು ನಿಮಿಷಕ್ಕೆ ಸೂರ್ಯ ಮತ್ತೆ ಮುಳುಗಿದ. ಮರುದಿನ ಬೆಳಗಾಗುವವರೆಗೆ ಅವ್ವ ನೀರೂ ಮುಟ್ಟಲಿಲ್ಲ.

ಆದ್ದರಿಂದ, ಸೀಟಿನ ಕೆಳಗೆ ಸಾಮಾನು ಕೋಣೆಗೆ ಕೈ ಹೋಗುವಷ್ಟು ಕಿಂಡಿ ತೆರೆಸಬೇಕೆಂದೂ, ಅದಾಗದಿದ್ದರೆ ತಡವಾದ ದಿನಗಳಲ್ಲಿ ಮುದುಕಿಯರ ಊಟ ಮುಗಿಯುವವರೆಗೆ ವಿಮಾನವನ್ನು ಸೂರ್ಯನ ಬೆನ್ನು ಹತ್ತಿ ಪಡುವಣಕ್ಕೇ ಓಡಿಸಬೇಕೆಂದೂ ಪ್ರಾರ್ಥನೆ. ಎರಡನೆಯ ಸೂರ್ಯನಿಗೆ ದರ ಗೊತ್ತುಮಾಡುವ ಯೋಚನೆ ತಮಗಿನ್ನೂ ಬಂದಿರಲಿಕ್ಕಿಲ್ಲ. ಈ ಪತ್ರವನ್ನು ದಯವಿಟ್ಟು ಟಿಕೆಟ್ ವಿಭಾಗದವರಿಗೆ ತೋರಿಸಬೇಡಿ.

ಇಷ್ಟಾದರೂ ಅವ್ವನಿಗೆ ತಮ್ಮ ಮೇಲೆ ಮುನಿಸಿಲ್ಲ. ಪಡುವಣದಲ್ಲಿ ಹೊತ್ತು ಮೂಡಿದ್ದನ್ನು ತೇರದಾಳದಲ್ಲಿ ಇನ್ನಾರೂ ಕಂಡಿಲ್ಲವಂತೆ. ರೈಲಿನಲ್ಲಿ ಮರಳೋಣವೆಂದ ನನಗೆ, "ನೀ ಹೋಗ ರೈಲಿನ್ಯಾಗ, ನಾ ಮ್ಯಾಲಿಂದನ ಬರ್ತೇನಿ" ಎಂದಿದ್ದಾರೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಪಾರಿಸಪ್ಪ
(ಸದ್ಯ ಜುನಾಗಢದ ಧರ್ಮಶಾಲೆ)

ಮರೆತ ಮಾತು: ಈ ಸಲ ರೊಟ್ಟಿ ಅವ್ವನ ಸೆರಗಿನಲ್ಲಿ ಇರುತ್ತವೆ. ಸೆರಗನ್ನು ತೂಗುವ ನಿಯಮವಿದ್ದರೆ ಮಂಗಳವಾರದೊಳಗೆ ತಿಳಿಸಿ. ನಮ್ಮ ಮರುಪ್ರಯಾಣದ ವಿಮಾನ ಬುಧವಾರ ಸಂಜೆ ನಾಲ್ಕೂವರೆಗೆ. ಅಂದಿನ ಸೂರ್ಯಾಸ್ತ ಆರು ಗಂಟೆ ಇಪ್ಪತ್ತಾರು ನಿಮಿಷಕ್ಕೆ.